ಸವೆದ ರೂಪಾಯಿಯ ಇಸವಿ



ಕಳೆದ ಕಾರ್ತಿಕ ಮಾಸದಲ್ಲಿ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಎಂಬತ್ತರ ಸಮೀಪದ ತಾಯಿಯೊಬ್ಬರು ಮೊಮ್ಮಗನೊಡನೆ ನಮ್ಮ ಮನೆಗೆ ದಯಮಾಡಿಸಿದ್ದರು. ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ರೂಪಾಯಿಯೊಂದನ್ನು ನನ್ನ ಕೈಯಲ್ಲಿಟ್ಟರು.

“ಶಾಸ್ತ್ರಿಗಳ, ಇದು ಧಾತು ಬರದಾಗಿನ ರೂಪಾಯಿ ಅಂತ ನಮ್ಮ ಅತ್ತಿಯವರು ಹೇಳತಿದ್ದರು. ಎತ್ತು ಮಾರಿದ ರೊಕ್ಕದಾಗ ಇದೊಂದು ಉಳೀತಂತ. ಹುಡುಗ ಸುಳ್ಳು ಅಂತಾನ. ನೀವು ನೋಡಿ ಹೇಳ್ರಿ.”

ಧಾತು, ಈಶ್ವರ ಸಂವತ್ಸರಗಳ ಆ ಬರಗಾಲವು 1876ರಿಂದ 1878ರವರೆಗೆ ನಮ್ಮ ನಾಡನ್ನು ಸುಟ್ಟಿತು. ಆ ಕಾಲದಲ್ಲಿ ಕೈದಾಟಿದ ರೂಪಾಯಿಯೆಂದರೆ ಅದು ಮನೆತನದ ಸಾಕ್ಷಿಯೇ ಸರಿ. ಆದರೆ ನಾಣ್ಯವು ನುಣ್ಣಗೆ ಸವೆದಿತ್ತು. ಇಸವಿಯಿರಬೇಕಾದ ಸ್ಥಳ ಬರಿಗಣ್ಣಿಗೆ ಬಯಲು.

ಇಂಥ ಸಂದರ್ಭದಲ್ಲಿ ಮೊದಲು ಇಸವಿಯನ್ನು ಹುಡುಕಲಾಗದು, ಉಳಿದುದನ್ನು ನೋಡಬೇಕು. ಅಂದಿನ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ, ಎಂದರೆ 11.66 ಗ್ರಾಂ. ಪತ್ತಾರರ ತಕ್ಕಡಿಯಲ್ಲಿ ಇದು ತುಸು ಕಡಿಮೆ ತೂಗಿತು; ಸವೆದುದಕ್ಕೆ ಅದು ಸಹಜ. ಮುಖಭಾಗದಲ್ಲಿ ಸ್ತ್ರೀಮುಖದ ಆಕಾರ, ತಲೆಯ ಮೇಲೆ ಕಿರೀಟದ ಉಬ್ಬು ಕಂಡವು. ಆದುದರಿಂದ ಇದು ವಿಕ್ಟೋರಿಯಾ ರಾಣಿಯ ಕಾಲದ್ದು. ಕಂಪನಿ ಸರ್ಕಾರ ಹೊರಡಿಸಿದ 1840ರ ರೂಪಾಯಿಯಲ್ಲಿ ಆಕೆಗೆ ಕಿರೀಟವಿಲ್ಲ. ಕಿರೀಟ ಬಂದದ್ದು 1862ರಿಂದ.

ಇಲ್ಲಿ ಒಂದು ವಿಷಯವನ್ನು ಅರಿತಿರಬೇಕು. ನಾಣ್ಯದ ಮೇಲಿನ ಇಸವಿಯೇ ಅದನ್ನು ಟಂಕಿಸಿದ ವರ್ಷವೆಂದು ಹೇಳಲಾಗದು. 1862 ಎಂಬ ಇಸವಿಯನ್ನು ಬದಲಿಸದೆಯೇ ಸುಮಾರು ಹನ್ನೆರಡು ವರ್ಷಗಳ ಕಾಲ ರೂಪಾಯಿಗಳನ್ನು ಹೊರಡಿಸಿದರು. ಮುಂಬಯಿ ಟಂಕಸಾಲೆಯವರು ವರ್ಷದ ಗುರುತಿಗಾಗಿ ಸಣ್ಣ ಚುಕ್ಕೆಗಳನ್ನಷ್ಟೇ ಇಡುತ್ತಿದ್ದರು. ಪ್ರತಿವರ್ಷ ಇಸವಿ ಬದಲಾಗತೊಡಗಿದ್ದು 1874ರ ಸುಮಾರಿಗೆ.

ಮುಂದಿನ ಗುರುತು ಅಕ್ಷರಗಳದು. 1876ರವರೆಗೆ ಮುಖದ ಎಡಕ್ಕೆ ‘ವಿಕ್ಟೋರಿಯಾ’, ಬಲಕ್ಕೆ ‘ಕ್ವೀನ್’ ಎಂದು ಇಂಗ್ಲಿಷಿನಲ್ಲಿತ್ತು. 1877ರ ಜನವರಿ 1ರಂದು ದೆಹಲಿ ದರಬಾರಿನಲ್ಲಿ ಆಕೆಯನ್ನು ಚಕ್ರವರ್ತಿನಿಯೆಂದು ಸಾರಿದ ಮೇಲೆ ಅದು ‘ಎಂಪ್ರೆಸ್’ ಎಂದಾಯಿತು. ಕೋಣೆಯನ್ನು ಕತ್ತಲೆ ಮಾಡಿ, ಒಂದೇ ಬದಿಯಿಂದ ಓರೆಯಾಗಿ ಬ್ಯಾಟರಿಯ ಬೆಳಕು ಬಿಟ್ಟು, ನಾಣ್ಯವನ್ನು ಮೆಲ್ಲನೆ ತಿರುಗಿಸಿದೆ. ನೇರ ಬೆಳಕಿಗೆ ಅಡಗಿರುವ ಉಬ್ಬು ಓರೆ ಬೆಳಕಿಗೆ ನೆರಳು ಚೆಲ್ಲುತ್ತದೆ. ಬಲಬದಿಯ ಕೊನೆಯಲ್ಲಿ ಒಂದೇ ರೂಪದ ಎರಡು ಅಕ್ಷರಗಳು, ‘ಎಸ್’ ‘ಎಸ್’, ತೋರಿದವು. ‘ಎಂಪ್ರೆಸ್’ ಎಂಬುದು ಖಚಿತವಾಯಿತು.

ಆಗಲೂ ಅಜ್ಜಿಯ ಮಾತು ಸುಳ್ಳಾಗಲಿಲ್ಲ. 1877, 1878ರ ನಾಣ್ಯಗಳೂ ಆ ಬರದೊಳಗಿನವೇ ಅಲ್ಲವೇ? ಹಿಂಭಾಗವನ್ನು ಭೂತಗನ್ನಡಿಯಲ್ಲಿ ನೋಡಿದೆ. ‘ಇಂಡಿಯಾ’ ಎಂಬುದರ ಕೆಳಗೆ ಮೂರನೆಯ ಅಂಕಿಯ ತಲೆಯಲ್ಲಿ ದುಂಡನೆಯ ಸುತ್ತು, ಕೆಳಗೆ ಬಲಕ್ಕೆ ಮಾತ್ರ ಒಂದು ಬಾಲ. ಏಳಂಕಿಯ ತಲೆ ಚಪ್ಪಟೆ. ಇದು ಏಳಲ್ಲ, ಒಂಬತ್ತು. ಕೊನೆಯ ಅಂಕಿ ಪೂರ್ಣ ಅಳಿದಿತ್ತು. ಅಂದರೆ ನಾಣ್ಯವು 1890ರಿಂದ 1899ರ ನಡುವಿನದು. ಅದಕ್ಕಿಂತ ಹೆಚ್ಚಾಗಿ ಹೇಳಲು ನನಗೆ ಅಧಿಕಾರವಿಲ್ಲ.

“ಹಂಗಾರ ನಮ್ಮ ಅತ್ತಿಯವರು ಸುಳ್ಳು ಹೇಳಿದರೇನ್ರಿ?” ಎಂದು ಆ ತಾಯಿ ಕೇಳಿದರು. ಮೊಮ್ಮಗ ನೆಲ ನೋಡುತ್ತಿದ್ದ.

ಇಲ್ಲವೆಂದೆ. 1896-97ರಲ್ಲಿಯೂ ವಿಜಯಪುರದ ಸೀಮೆಗೆ ಘೋರ ಬರ ಬಂದಿತ್ತು. ಎತ್ತು ಮಾರಿದ್ದು ಆ ಬರದಲ್ಲಿಯೇ ಇರಬಹುದು. ಎರಡು ಬರಗಳು ಹಿರಿಯರ ನೆನಪಿನಲ್ಲಿ ಒಂದಾಗಿ, ದೊಡ್ಡದರ ಹೆಸರೇ ಉಳಿದಿರಬಹುದು. ಇದು ನನ್ನ ಊಹೆ, ನಾಣ್ಯ ನುಡಿದದ್ದಲ್ಲ. ಧಾತು ಬರದಲ್ಲಿ ಈ ರೂಪಾಯಿ ಹುಟ್ಟಿಯೇ ಇರಲಿಲ್ಲವೆಂಬುದಷ್ಟೇ ನಾಣ್ಯದ ನುಡಿ. ಹಿರಿಯರ ಮಾತನ್ನು ಉಳಿಸಲೆಂದು ಒಂಬತ್ತನ್ನು ಏಳೆಂದು ಓದಲಾಗದು. ಅಂಕಿ ತಪ್ಪಿತೆಂದು ಹಿರಿಯರ ಕಷ್ಟವನ್ನೇ ಸುಳ್ಳೆನ್ನಲೂ ಆಗದು.

ಇಷ್ಟು ಸವೆದದ್ದು ಹೇಗೆಂದು ವಿಚಾರಿಸಿದೆ. ದೇವರ ಜಗಲಿಯ ಮೇಲಿನ ರೂಪಾಯಿಯಾದ್ದರಿಂದ ಪ್ರತಿ ಸೋಮವಾರ ವಿಭೂತಿ ಹಚ್ಚಿ ತಿಕ್ಕುವುದು, ದೀಪಾವಳಿಗೆ ಹುಣಸೆಹಣ್ಣಿನಲ್ಲಿ ತೊಳೆಯುವುದು ಮನೆಯ ಪದ್ಧತಿಯಂತೆ. ಸಂತೆಯ ಕೈಗಳು ಸವೆಸಿ ಉಳಿಸಿದ್ದನ್ನು ಭಕ್ತಿಯ ಕೈ ಸವೆಸಿತ್ತು!

ಆದುದರಿಂದ ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ. ಜಗಲಿಯ ಮೇಲಿನ ಹಳೆಯ ನಾಣ್ಯವನ್ನು ತಿಕ್ಕಬೇಡಿರಿ. ಕಪ್ಪಾದರೂ ಅದಕ್ಕೆ ಕುಂದಿಲ್ಲ. ಅಂಕಿ ಎಬ್ಬಿಸುತ್ತೇವೆಂದು ಆಮ್ಲ ಹಾಕುವವರ ಕೈಗೆ ಕೊಡಬೇಡಿರಿ. ಮೆತ್ತನೆಯ ಅರಿವೆಯಲ್ಲಿ ಸುತ್ತಿ, ಅದರ ಕಥೆಯನ್ನು ಯಾರು ಯಾರಿಗೆ ಹೇಳಿದರೆಂಬುದರೊಡನೆ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ.

ಹೊರಡುವಾಗ ಅಜ್ಜಿ ರೂಪಾಯಿಯನ್ನು ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಮೊಮ್ಮಗನ ಕೈಗೆ ಕೊಟ್ಟರು. ಅವನು ಚೀಟಿ ಬರೆಯಲು ನನ್ನಲ್ಲಿ ಕಾಗದ ಕೇಳಿದನು.