ಸ್ವರಕ್ಕೊಂದು ಲಿಪಿ

ಗುರುಮುಖದಿಂದ ಕಲಿತದ್ದೇ ವಿದ್ಯೆ, ಪುಸ್ತಕದಲ್ಲಿರುವುದು ವಿದ್ಯೆಯಲ್ಲ ಎಂಬ ಮಾತು ನಮ್ಮ ಸಂಗೀತ ವಿದ್ವಾಂಸರಿಗಷ್ಟೇ ಮೀಸಲೆಂದು ವಾಚಕರು ಭಾವಿಸಬೇಕಾಗಿಲ್ಲ. ಇಸ್ತಾಂಬುಲ್ ನಗರದ ಉಸ್ತಾದರೂ ಶತಮಾನಗಳ ಕಾಲ ಇದನ್ನೇ ನಂಬಿದ್ದರು. ಶಿಷ್ಯನು ಗುರುವಿನ ಎದುರು ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತ, ಕೃತಿಯನ್ನು ಕಂಠಸ್ಥ ಮಾಡಿಕೊಳ್ಳಬೇಕು. ಈ ಪದ್ಧತಿಗೆ ‘ಮೆಷ್ಕ್’ ಎಂದು ಹೆಸರು. ಅದರ ಸೊಗಸೇನೋ ದೊಡ್ಡದೇ. ಆದರೆ ತಕ್ಕ ಶಿಷ್ಯನಿಲ್ಲದೆ ಗುರು ಕಣ್ಮುಚ್ಚಿದರೆ ಅವನು ಬಲ್ಲ ಕೃತಿಗಳೂ ಅವನೊಡನೆ ಮಣ್ಣಾಗುತ್ತಿದ್ದವು. ತುರ್ಕಿಯ ಶಾಸ್ತ್ರೀಯ ಸಂಗೀತವನ್ನು ಈ ಗಂಡಾಂತರದಿಂದ ಬಹುಮಟ್ಟಿಗೆ ಪಾರುಮಾಡಿದವನು ತುರ್ಕನಲ್ಲ, ಮುಸಲ್ಮಾನನೂ ಅಲ್ಲ; ಹಾಂಪಾರ್ಸೂಮ್ ಲಿಮೊಂಜಿಯನ್ ಎಂಬ ಅರ್ಮೇನಿಯನ್ ಕ್ರೈಸ್ತ.

ಈತನು 1768 ರಲ್ಲಿ ಇಸ್ತಾಂಬುಲಿನಲ್ಲಿ ಹುಟ್ಟಿದನು. ತಾಯಿತಂದೆಗಳು ಹಾರ್ಪೂತ್ ಪ್ರಾಂತದಿಂದ ವಲಸೆ ಬಂದ ಬಡವರು. ಹುಡುಗನನ್ನು ದರ್ಜಿಯ ಕೆಲಸಕ್ಕೆ ಹಾಕಿದರು. ಕೈಗೆ ಸೂಜಿ, ಮನಸ್ಸಿಗೆ ಸಂಗೀತ! ಇಗರ್ಜಿಯ ಗಾಯನವನ್ನು ಕಲಿತ ಈ ಯುವಕನಿಗೆ ಸುಲ್ತಾನನ ಟಂಕಸಾಲೆಯ ಆಡಳಿತ ನಡೆಸುತ್ತಿದ್ದ ದೂಜ಼್ಯಾನ್ ಎಂಬ ಸಿರಿವಂತ ಅರ್ಮೇನಿಯನ್ ಮನೆತನದ ಆಶ್ರಯ ದೊರೆಯಿತು. ತುರ್ಕಿ ಸಂಗೀತದ ಮರ್ಮವನ್ನು ಅವನು ಅರಿತದ್ದು ಮೆವ್ಲೆವಿ ದರ್ವೇಶರ ಮಠಗಳಲ್ಲಿ. ಕ್ರೈಸ್ತ ಗಾಯಕನು ಸೂಫಿಗಳ ಮಠಕ್ಕೆ ಹೋಗಿ ಕಲಿಯುವುದು ಆ ನಗರದಲ್ಲಿ ಅಂದು ವಿಚಿತ್ರವೆನಿಸಿರಲಿಲ್ಲ. ಸಂಗೀತದ ಬಾಗಿಲು ಮತದ ಬಾಗಿಲಿಗಿಂತ ಅಗಲವಾಗಿತ್ತು.

ಸಂಗೀತವನ್ನು ಬರೆದಿಡುವ ಯತ್ನ ಅವನಿಗಿಂತ ಮೊದಲೇ ನಡೆದಿತ್ತು. 17 ನೆಯ ಶತಮಾನದಲ್ಲಿ ಪೋಲೆಂಡಿನಿಂದ ಬಂದ ಅಲಿ ಉಫ್ಕಿ, ಅವನ ತರುವಾಯ ಮೊಲ್ಡೇವಿಯದ ರಾಜಕುಮಾರ ಕಾಂತೆಮೀರ್, 1794 ರಲ್ಲಿ ಮೆವ್ಲೆವಿ ಪಂಥದ ಅಬ್ದುಲ್‌ಬಾಕಿ ನಾಸಿರ್ ದೆದೆ—ಒಬ್ಬೊಬ್ಬರದು ಒಂದೊಂದು ಲಿಪಿ. ಯಾವುದೂ ಸಂಗೀತಗಾರರ ಕೈಗೆ ಹತ್ತಲಿಲ್ಲ. ಸ್ವತಃ ವಾಗ್ಗೇಯಕಾರನಾಗಿದ್ದ ಮೂರನೆಯ ಸೆಲೀಮ್ ಸುಲ್ತಾನನ ಅಪ್ಪಣೆಯಂತೆ ಹಾಂಪಾರ್ಸೂಮನು ಹೊಸ ಲಿಪಿಯನ್ನು ರಚಿಸಿ ಆತನಿಗೇ ಅರ್ಪಿಸಿದನೆಂದು ಒಂದು ಕಥೆಯುಂಟು. ಕಥೆ ಚೆನ್ನಾಗಿದೆ, ಕಾಲಗಣನೆ ಮಾತ್ರ ಒಪ್ಪುವುದಿಲ್ಲ. ಸೆಲೀಮನು 1807 ರಲ್ಲಿ ಪಟ್ಟ ಕಳೆದುಕೊಂಡು ಮರುವರ್ಷ ಕೊಲೆಯಾದನು. ಲಿಪಿಯು ರೂಪುಗೊಂಡದ್ದು 1813 ರಿಂದ 1815 ರೊಳಗೆ.

ಆ ಲಿಪಿಯ ಹುಟ್ಟೇ ಒಂದು ಸೋಜಿಗ. ಅರ್ಮೇನಿಯನ್ನರ ಪ್ರಾಚೀನ ಸ್ತೋತ್ರಗ್ರಂಥಗಳಲ್ಲಿ ಅಕ್ಷರಗಳ ಮೇಲೆ ‘ಖಾಜ಼್’ ಎಂಬ ಗಾನಚಿಹ್ನೆಗಳಿದ್ದವು. ಆದರೆ 18 ನೆಯ ಶತಮಾನದ ಹೊತ್ತಿಗೆ ಅವುಗಳನ್ನು ಓದುವ ಕೀಲಿಯೇ ಕಳೆದುಹೋಗಿತ್ತು. ಬರಹವಿದೆ, ನಾದವಿಲ್ಲ! ಹಾಂಪಾರ್ಸೂಮನು ಆ ಮೂಕ ಚಿಹ್ನೆಗಳಲ್ಲಿ ಏಳನ್ನು ಆಯ್ದುಕೊಂಡು ಸಪ್ತಸ್ವರಗಳಿಗೆ ಹೊಸದಾಗಿ ಹೊಂದಿಸಿದನು. ನಾವು ಋಷಭವನ್ನು ‘ರಿ’ ಎಂದಂತೆ, ಅಲ್ಲಿಯೂ ಚಿಹ್ನೆಯ ಹೆಸರಿನ ಮೊದಲಕ್ಷರವೇ ಸ್ವರದ ಹೆಸರು: ‘ವೆರ್ನಖಾಘ್’ ಎಂಬುದು ‘ವೆ’, ‘ಪಾರುಯ್ಕ್’ ಎಂಬುದು ‘ಪಾ’. ಐದು ಗೆರೆಗಳ ಹಂದರ ಬೇಕಿಲ್ಲ; ಕಾಗದ ಬರೆಯುವಂತೆ ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಬರೆದುಕೊಂಡು ಹೋಗಬಹುದು. ಈ ಸೌಲಭ್ಯವೇ ಅದನ್ನು ಗೆಲ್ಲಿಸಿತೆಂದು ನನ್ನ ಭಾವನೆ. 1828 ರಲ್ಲಿ ಸುಲ್ತಾನನ ವಾದ್ಯವೃಂದಕ್ಕೆ ಪಾಶ್ಚಾತ್ಯ ಪದ್ಧತಿಯನ್ನು ಕಲಿಸಲು ಇಟಲಿಯಿಂದ ಬಂದ ಜುಸೆಪ್ಪೆ ದೊನಿಜ಼ೆತ್ತಿ (ಪ್ರಸಿದ್ಧ ಗೀತನಾಟಕಕಾರ ಗಾಯೆತಾನೋನ ಅಣ್ಣ) ಮೊದಲು ತಾನೇ ಈ ಲಿಪಿಯನ್ನು ಕಲಿತು, ಅದರ ಆಸರೆಯಿಂದ ಶಿಷ್ಯರಿಗೆ ತನ್ನ ಲಿಪಿಯನ್ನು ಹೇಳಿಕೊಡಬೇಕಾಯಿತು. ಜಾಣ ಮೇಷ್ಟರು!

ಲಿಪಿಯಿಂದ ಎಲ್ಲವೂ ಉಳಿಯಿತೆಂದು ನಾನು ಹೇಳಲಾರೆ. ಅನೇಕ ಹಸ್ತಪ್ರತಿಗಳಲ್ಲಿ ಸ್ವರಗಳುಂಟು, ಅವುಗಳ ಕಾಲಪ್ರಮಾಣವಿಲ್ಲ. ನಮ್ಮ ರಾಗಗಳನ್ನು ಹೋಲುವ ‘ಮಕಾಮ್’ಗಳ ಸೂಕ್ಷ್ಮ ಶ್ರುತಿಗಳು ಚಿಹ್ನೆಯೊಳಗೆ ಪೂರ್ತಿಯಾಗಿ ಸಿಕ್ಕುವುದೂ ಇಲ್ಲ. ಬಲ್ಲವನಿಗೆ ಅದು ನೆನಪಿನ ಊರುಗೋಲು. ಅರಿಯದವನಿಗೆ ಎಲುಬಿನ ಗೂಡು. ಆದರೂ ಎಲುಬಾದರೂ ಉಳಿದ ಕಾರಣದಿಂದಲೇ 20 ನೆಯ ಶತಮಾನದ ತುರ್ಕಿ ವಿದ್ವಾಂಸರು ಹಳೆಯ ಕೃತಿಗಳನ್ನು ಮತ್ತೆ ನಿಲ್ಲಿಸಲು ಸಾಧ್ಯವಾಯಿತು.

ಅವನ ಕಾಲವೇನೂ ನೆಮ್ಮದಿಯದಾಗಿರಲಿಲ್ಲ. 1819 ರಲ್ಲಿ ಎರಡನೆಯ ಮಹಮೂದ್ ಸುಲ್ತಾನನ ಆಜ್ಞೆಯಿಂದ ದೂಜ಼್ಯಾನ್ ಮನೆತನದ ಸೋದರರು ಮರಣದಂಡನೆಗೆ ಗುರಿಯಾದರು. ಹಾಂಪಾರ್ಸೂಮನು ತೀರಿಕೊಂಡದ್ದು 1839 ರಲ್ಲಿ.

ಅವನ ಚಿಹ್ನೆಗಳು ಅವನ ಸ್ವಂತ ಜನರಿಗೂ ಒದಗಿದವು. 1870 ರ ದಶಕದಲ್ಲಿ ನಿಕೊಘಾಯೊಸ್ ತಾಷ್ಜಿಯಾನ್ ಎಂಬ ಸಂಗೀತಗಾರನು ಎಚ್ಮಿಯಾಜಿನ್ ಧರ್ಮಪೀಠಕ್ಕೆ ಹೋಗಿ ಇಗರ್ಜಿಯ ಸ್ತೋತ್ರಗಾನವನ್ನೆಲ್ಲ ಈ ಲಿಪಿಯಲ್ಲಿಯೇ ಬರೆದು ಅಚ್ಚುಹಾಕಿಸಿದನು. ಹಳ್ಳಿ ಹಳ್ಳಿ ಸುತ್ತಿ ರೈತರ ಹಾಡುಗಳನ್ನು ಸಂಗ್ರಹಿಸಿದ ಕೊಮಿತಾಸ್ ಪಾದ್ರಿಯೂ ಅವನ್ನು ಗುರುತುಹಾಕಿಕೊಂಡದ್ದು ಇದರಲ್ಲಿಯೇ. 1915 ರ ಏಪ್ರಿಲಿನಲ್ಲಿ ಇಸ್ತಾಂಬುಲಿನ ಅರ್ಮೇನಿಯನ್ ಗಣ್ಯರೊಡನೆ ಕೊಮಿತಾಸನನ್ನೂ ಸೆರೆಹಿಡಿದು ಗಡಿಪಾರು ಮಾಡಿದರು. ಅವನು ಜೀವಸಹಿತ ಹಿಂತಿರುಗಿದನು, ಆದರೆ ಬುದ್ಧಿ ಸ್ಥಿಮಿತದಲ್ಲಿ ಉಳಿಯಲಿಲ್ಲ. 1935 ರಲ್ಲಿ ಪ್ಯಾರಿಸಿನ ಆಸ್ಪತ್ರೆಯೊಂದರಲ್ಲಿ ಸತ್ತನು. ಅವನು ಹಾಡು ಕೇಳಿದ್ದ ಎಷ್ಟೋ ಹಳ್ಳಿಗಳಲ್ಲಿ ಆಮೇಲೆ ಅರ್ಮೇನಿಯನ್ನರೇ ಉಳಿಯಲಿಲ್ಲ. ಅವರ ಹಾಡುಗಳು ದರ್ಜಿಯ ಹುಡುಗನೊಬ್ಬನು ಹೊಂದಿಸಿದ ಆ ಏಳು ಗುರುತುಗಳಲ್ಲಿವೆ.