ನಿಸ್ತಂತು ಜಾಲದಲ್ಲಿ ದೋಷಿಯ ನಿರ್ಣಯ

ಪ್ರವಾಹದಿಂದಲೋ ಭೂಕುಸಿತದಿಂದಲೋ ರಸ್ತೆ ಕಡಿದು, ವಿದ್ಯುತ್ತು ನಿಂತು, ಮೊಬೈಲ್ ಟವರುಗಳು ನಿಶ್ಚೇಷ್ಟಿತವಾದ ಪ್ರದೇಶದಲ್ಲಿ, ಜನರ ಕೈಯಲ್ಲಿರುವ ಸಾಧನಗಳೇ ಒಂದರ ಸಂದೇಶವನ್ನು ಇನ್ನೊಂದು ಸ್ವೀಕರಿಸಿ ಮುಂದಿನದಕ್ಕೆ ದಾಟಿಸುತ್ತ, ಯಾವ ಕೇಂದ್ರದ ಆಶ್ರಯವೂ ಇಲ್ಲದೆ ತಮ್ಮೊಳಗೇ ಒಂದು ಸಂಪರ್ಕವ್ಯವಸ್ಥೆಯನ್ನು ಕಟ್ಟಿಕೊಳ್ಳಬಲ್ಲವೆಂಬುದು ವಿಜ್ಞಾನವು ನಮ್ಮ ಕಾಲಕ್ಕೆ ಕೊಟ್ಟಿರುವ ಭರವಸೆಗಳಲ್ಲೊಂದು. ಸಂಚಾರಿ ಅಡ್‌ಹಾಕ್ ಜಾಲವೆಂದು ಹೆಸರಾದ ಈ ವ್ಯವಸ್ಥೆಯ ಮೂಲವು 1970ರ ದಶಕದಲ್ಲಿ ಅಮೆರಿಕದ ಡಾರ್ಪಾ ಸಂಸ್ಥೆಯು ಸೈನ್ಯದ ಉಪಯೋಗಕ್ಕಾಗಿ ನಡೆಸಿದ ಪ್ಯಾಕೆಟ್ ರೇಡಿಯೊ ಪ್ರಯೋಗಗಳಲ್ಲಿದೆ. ರಣಭೂಮಿಗಾಗಿ ಹುಟ್ಟಿದ ವಿದ್ಯೆ ಆಪತ್ತಿನಲ್ಲಿರುವ ಸಾಮಾನ್ಯ ಪ್ರಜೆಗೂ ಒದಗಬೇಕೆಂಬ ಆಶೆ ಯುಕ್ತವಾದುದೇ. ಆದರೆ ಈ ಜಾಲವು ಆದ್ಯಂತವಾಗಿ ನಿಂತಿರುವುದು ಪರಸ್ಪರ ವಿಶ್ವಾಸದ ಮೇಲೆ. ಅದರಲ್ಲಿ ದ್ರೋಹಿಯೊಬ್ಬನು ಸೇರಿಕೊಂಡರೆ ಅವನನ್ನು ಗುರುತಿಸುವ ಬಗೆ ಹೇಗೆಂಬುದು ಯಂತ್ರಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ನ್ಯಾಯದ ಪ್ರಶ್ನೆಯೂ ಆಗಿದೆ.

ದ್ರೋಹದ ಅತ್ಯಂತ ಸರಳವಾದ ರೂಪವನ್ನು ನೋಡಬಹುದು. 2003ರಲ್ಲಿ ಅಂತರಜಾಲದ ನಿಯಮಾವಳಿಗಳ ಸಾಲಿಗೆ ಸೇರಿದ ಎಒಡಿವಿ ಎಂಬ ಮಾರ್ಗಶೋಧನ ವಿಧಾನದಲ್ಲಿ, ಸಂದೇಶ ಕಳುಹಿಸಬೇಕಾದ ಘಟಕವು ‘ಇಂಥವನಲ್ಲಿಗೆ ದಾರಿ ಬಲ್ಲವರಾರು?’ ಎಂದು ಸುತ್ತಲೂ ಸಾರುತ್ತದೆ. ಬಂದ ಉತ್ತರಗಳಲ್ಲಿ ಯಾವುದರ ಕ್ರಮಸಂಖ್ಯೆ ದೊಡ್ಡದೋ ಅದೇ ಹೊಸ ದಾರಿಯೆಂದು ನಂಬುತ್ತದೆ. ದಾರಿಯೇ ಇಲ್ಲದ ಕಪಟಿಯು ಬೃಹತ್ತಾದೊಂದು ಸಂಖ್ಯೆಯನ್ನು ನಮೂದಿಸಿ ಉತ್ತರವಿತ್ತರೆ ಸಾಕು, ಸಂದೇಶಗಳೆಲ್ಲ ಅವನೆಡೆಗೆ ಹರಿದು ಅಲ್ಲಿಯೇ ಲಯವಾಗುತ್ತವೆ. ಕೃಷ್ಣರಂಧ್ರವೆಂದು ಇದಕ್ಕೆ ಹೆಸರಿಟ್ಟಿರುವುದು ಉಚಿತವಾಗಿಯೇ ಇದೆ.

ಪತ್ತೆಯ ಮೊದಮೊದಲ ಉಪಾಯಗಳಲ್ಲಿ ಪ್ರಸಿದ್ಧವಾದುದು 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಜಿಯೊ ಮಾರ್ಟಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ‘ವಾಚ್‌ಡಾಗ್’. ಗಾಳಿಯಲ್ಲಿ ಹೊರಟ ಮಾತು ಸಮೀಪದಲ್ಲಿರುವ ಎಲ್ಲರಿಗೂ ಕೇಳಿಸುವುದಷ್ಟೆ. ಆದುದರಿಂದ ಸಂದೇಶದ ತುಣುಕಾದ ಪ್ಯಾಕೆಟ್ಟನ್ನು ನೆರೆಯವನಿಗೆ ಒಪ್ಪಿಸಿದ ಘಟಕವು, ಅವನು ಅದನ್ನು ಮುಂದಕ್ಕೆ ಕಳುಹಿಸಿದನೋ ಇಲ್ಲವೋ ಎಂದು ಕಿವಿಗೊಟ್ಟು ಆಲಿಸುತ್ತದೆ, ತಪ್ಪಿದಾಗಲೆಲ್ಲ ಲೆಕ್ಕವಿಡುತ್ತದೆ, ಲೆಕ್ಕವು ಮಿತಿ ಮೀರಿದರೆ ಅವನನ್ನು ದೋಷಿಯೆಂದು ಸಾರುತ್ತದೆ. ಇದರ ಜೊತೆಗಾರನಾದ ‘ಪಾತ್‌ರೇಟರ್’ ಅಂಥವನನ್ನು ಬಳಸಿ ಬೇರೆ ದಾರಿ ಹಿಡಿಯುತ್ತದೆ. ಘಟಕಗಳು ಮಿತವಾಗಿ ಚಲಿಸುತ್ತಿರುವಾಗ, ಅವುಗಳಲ್ಲಿ ನೂರಕ್ಕೆ 40 ತಪ್ಪಿ ನಡೆದರೂ, ಸಂದೇಶಗಳ ರವಾನೆ ನೂರಕ್ಕೆ 17ರಷ್ಟು ಉತ್ತಮಗೊಂಡಿತೆಂದು ಅವರ ಗಣಕಾನುಕರಣವು ತೋರಿಸಿತು.

ಫಲವು ಶ್ಲಾಘ್ಯ, ಆದರೆ ಸಾಕ್ಷಿಯ ದೌರ್ಬಲ್ಯವನ್ನೂ ಆ ಲೇಖಕರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನೆರೆಯವನು ಕಳುಹಿಸಿದ ಕ್ಷಣದಲ್ಲಿಯೇ ಇನ್ನೊಂದು ಸಂಕೇತವು ಬಂದು ಡಿಕ್ಕಿ ಹೊಡೆದರೆ ಕೇಳುಗನಿಗೆ ಏನೂ ಕೇಳಿಸದು, ಕರ್ತವ್ಯ ಮಾಡಿದವನೇ ತಪ್ಪಿತಸ್ಥನಾಗಿ ಕಾಣುವನು. ಕುಟಿಲನೊಬ್ಬನು ಸಜ್ಜನನ ಮೇಲೆ ಸುಳ್ಳು ದೂರನ್ನು ಹೊರಿಸಬಹುದು. ಇವೆರಡಕ್ಕಿಂತಲೂ ನನ್ನನ್ನು ಕಳವಳಗೊಳಿಸುವ ಸಂಗತಿ ಬೇರೊಂದುಂಟು. ಎರಡು ದಿನ ವಿದ್ಯುತ್ತಿಲ್ಲದ ಊರಿನಲ್ಲಿ, ಬ್ಯಾಟರಿ ಮುಗಿಯುತ್ತ ಬಂದ ಫೋನು ತನ್ನ ಕೊನೆಯ ಶಕ್ತಿಯನ್ನು ಉಳಿಸಿಕೊಳ್ಳಲು ಪರರ ಸಂದೇಶಗಳನ್ನು ಹೊರದೆ ಸುಮ್ಮನಾದರೆ, ಆಲಿಸುವ ಯಂತ್ರಕ್ಕೆ ಅದೂ ದ್ರೋಹಿಯಾಗಿಯೇ ತೋರುವುದಲ್ಲವೇ? ಆ ಫೋನನ್ನು ಹಿಡಿದಿರುವ ವೃದ್ಧೆಯೇ ಸಹಾಯವನ್ನು ಯಾಚಿಸಬೇಕಾದ ಗಳಿಗೆಯಲ್ಲಿ ಜಾಲವು ಅವಳಿಗೆ ಬಾಗಿಲು ಹಾಕಿದರೆ, ಅಂಥ ರಕ್ಷಣೆಯಿಂದ ರಕ್ಷಿತರಾದವರು ಯಾರು?

ನಿಜ, ವಾಚ್‌ಡಾಗ್ ಮತ್ತು ಪಾತ್‌ರೇಟರ್ ದೋಷಿಯನ್ನು ಹೀಗೆ ದಂಡಿಸುತ್ತಿರಲಿಲ್ಲ, ಅವನ ಸ್ವಂತ ಸಂದೇಶಗಳನ್ನು ಎಂದಿನಂತೆ ಸಾಗಿಸುತ್ತಿದ್ದವು. ಇದು ಸೋಮಾರಿಗೆ ಬಹುಮಾನವಿತ್ತಂತಾಯಿತೆಂಬ ಆಕ್ಷೇಪಣೆ ಎದ್ದುದು ಸಹಜ. 2002ರಲ್ಲಿ ಸ್ವಿಟ್ಜರ್ಲೆಂಡಿನ ಬುಖೆಗ್ಗರ್ ಮತ್ತು ಲ ಬೂದೆಕ್ ರೂಪಿಸಿದ ‘ಕಾನ್ಫಿಡಂಟ್’ ಪದ್ಧತಿಯು ದೋಷಿಯನ್ನು ಬಹಿಷ್ಕರಿಸುವುದಲ್ಲದೆ ಮಿತ್ರರಿಗೂ ಎಚ್ಚರಿಕೆಯನ್ನು ಕಳುಹಿಸಿತು. ಅದೇ ವರ್ಷ ಫ್ರಾನ್ಸಿನ ಮಿಕಿಯಾರ್ದಿ ಮತ್ತು ಮೊಲ್ವಾ ಅವರ ‘ಕೋರ್’ ಪದ್ಧತಿಯಾದರೋ, ಇತರರು ಹೇಳುವ ಮಾತುಗಳಲ್ಲಿ ಪ್ರಶಂಸೆಯನ್ನು ಮಾತ್ರ ಸ್ವೀಕರಿಸಿ ನಿಂದೆಯನ್ನು ಕಿವಿಗೆ ಹಾಕಿಕೊಳ್ಳದೆ ಬಿಟ್ಟಿತು. ಪರೋಕ್ಷನಿಂದೆಯ ಆಧಾರದ ಮೇಲೆ ಯಾರನ್ನೂ ಶಿಕ್ಷಿಸಲಾಗದೆಂಬ ಆ ಸಂಯಮವು ನನಗೆ ಹೆಚ್ಚು ವಿವೇಕಯುತವಾಗಿ ಕಾಣುತ್ತದೆ.

ನನ್ನ ಅಭಿಪ್ರಾಯವಿಷ್ಟು: ಮೌನವಾದವನನ್ನೂ ಸುಳ್ಳಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ಯಾಕೆಟ್ಟನ್ನು ಬೀಳಿಸಿದವನು ದಣಿದಿರಬಹುದು, ದೂರ ಸರಿದಿರಬಹುದು. ಅವನನ್ನು ಬಳಸಿ ಹೋದರೆ ಸಾಕು. ಇಲ್ಲದ ದಾರಿಯನ್ನು ಇದೆಯೆಂದವನ ವಿಷಯ ಬೇರೆ. ಅವನು ತಾನಾಗಿ ಒಂದು ಹೇಳಿಕೆಯನ್ನು ಕೊಟ್ಟಿದ್ದಾನೆ, ಹೇಳಿಕೆಯನ್ನು ಪರೀಕ್ಷಿಸಬಹುದು. ಉತ್ತರವಿತ್ತವನ ಮುಂದಿನ ಘಟಕವನ್ನೇ ಬೇರೊಂದು ದಾರಿಯಿಂದ ವಿಚಾರಿಸಿ ‘ನಿನಗೆ ಗುರಿಯ ದಾರಿ ತಿಳಿದಿರುವುದು ನಿಜವೇ?’ ಎಂದು ಕೇಳುವ ಉಪಾಯವೂ 2002ರಲ್ಲಿಯೇ ಸೂಚಿತವಾಯಿತು. ಇಬ್ಬರು ಕಪಟಿಗಳು ಒಳಗೊಳಗೆ ಕೂಡಿಕೊಂಡರೆ ಈ ಪರೀಕ್ಷೆಯೂ ಸೋಲುವುದು ದಿಟ. ಆದರೂ ದಂಡನೆಗೆ ಇಂಥ ಪ್ರಮಾಣವೇ ತಳಹದಿಯಾಗತಕ್ಕದ್ದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯವನ್ನು ಆಯ್ದುಕೊಂಡು ಗಣಕದಲ್ಲಿ ಜಾಲಗಳನ್ನು ಅನುಕರಿಸುತ್ತಿರುವ ತರುಣ ತರುಣಿಯರಲ್ಲಿ ನನ್ನ ಪ್ರಾರ್ಥನೆಯೊಂದಿದೆ: ನೂರರಲ್ಲಿ ಎಷ್ಟು ದ್ರೋಹಿಗಳನ್ನು ಹಿಡಿದಿರೆಂದು ಬರೆಯುವ ಪುಟದಲ್ಲಿಯೇ, ಎಷ್ಟು ನಿರಪರಾಧಿಗಳನ್ನು ಹೊರಗೆ ಹಾಕಿದಿರೆಂಬುದನ್ನೂ, ಅವರಲ್ಲಿ ಬ್ಯಾಟರಿ ಬರಿದಾದವರೆಷ್ಟೆಂಬುದನ್ನೂ ತಪ್ಪದೆ ಬರೆಯಿರಿ. ಇಂಥ ಸಾಧನಗಳನ್ನು ನಾಳೆ ಆಪತ್ಕಾಲಕ್ಕೆಂದು ಕೊಳ್ಳಲಿರುವ ಅಧಿಕಾರಿಗಳೂ ಹಣ ತೆರುವುದಕ್ಕೆ ಮೊದಲು ಆ ಎರಡನೆಯ ಸಂಖ್ಯೆಯನ್ನು ಕೇಳಿ ಪಡೆಯಲಿ.