ಭಾಷಾವಿವೇಕ: ಮಲಗುವುದೂ ಮಲಗಿಸುವುದೂ

ಮನೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಪಾಠವನ್ನು ಹೇಳಿಕೊಡುವ ತಾಯಿತಂದೆಗಳು ‘ಲೈ’, ‘ಲೇ’ ಎಂಬ ಎರಡು ಕ್ರಿಯಾಪದಗಳ ಬಳಿಗೆ ಬಂದೊಡನೆ ತಡವರಿಸುವುದುಂಟು. ಇವುಗಳ ಭೇದವನ್ನು ಈ ತಿಂಗಳು ವಿಚಾರಿಸೋಣ.

ಕನ್ನಡ ಬಲ್ಲವರಿಗೆ ಇದರ ತತ್ತ್ವವು ಕಠಿನವಲ್ಲ. ಮಗು ಮಲಗುತ್ತದೆ, ತಾಯಿ ಮಗುವನ್ನು ಮಲಗಿಸುತ್ತಾಳೆ. ಮೊದಲನೆಯದು ಅಕರ್ಮಕ, ಅದು ‘ಲೈ’. ಎರಡನೆಯದು ಸಕರ್ಮಕ, ಅದು ‘ಲೇ’. ನಾವು ‘ಇಸು’ ಪ್ರತ್ಯಯದಿಂದ ಪಡೆಯುವ ಪ್ರೇರಣಾರ್ಥವನ್ನು ಸಂಸ್ಕೃತ ವೈಯಾಕರಣರು ‘ಣಿಚ್’ ಪ್ರತ್ಯಯದಿಂದ ಸಾಧಿಸುವರು. ಇಂಗ್ಲಿಷಿನ ಮೂಲಭಾಷೆಯಲ್ಲಿಯೂ ಈ ಸಂಸ್ಕೃತ ಪ್ರತ್ಯಯದ ದಾಯಾದಿಯೊಂದಿದ್ದಿತು. ಕಾಲಕ್ರಮದಲ್ಲಿ ಪ್ರತ್ಯಯವು ಸವೆದುಹೋಗಿ ಸ್ವರಭೇದವು ಮಾತ್ರ ಉಳಿಯಿತು. ‘ಸಿಟ್’ ಎಂದರೆ ಕುಳಿತುಕೊಳ್ಳು, ‘ಸೆಟ್’ ಎಂದರೆ ಇರಿಸು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಬೀಳಿಸು. ‘ರೈಜ್’ ಎಂದರೆ ಏಳು, ‘ರೇಜ್’ ಎಂದರೆ ಎತ್ತು. ಇವೆಲ್ಲವೂ ಅದೇ ಬಗೆಯ ಜೋಡಿಗಳು.

ತೊಡಕಿರುವುದು ಭೂತಕಾಲದಲ್ಲಿ. ‘ಲೈ’ ಎಂಬುದರ ಭೂತರೂಪವೇ ‘ಲೇ’. ‘ಲೇ’ ಎಂಬುದರ ಭೂತರೂಪ ‘ಲೇಡ್’. ಹೀಗೆ ಒಂದರ ನಿನ್ನೆಯ ರೂಪವೂ ಮತ್ತೊಂದರ ಇಂದಿನ ರೂಪವೂ ಏಕಾಕಾರವಾಗಿರುವುವು.

ಈ ತೊಡಕಿನಲ್ಲಿ ನಾನೂ ಒಮ್ಮೆ ಬಿದ್ದವನು. ಅಧ್ಯಾಪನಕ್ಕೆ ಸೇರಿದ ಹೊಸದರಲ್ಲಿ, ಮೂರು ದಿನ ಶಾಲೆಗೆ ಬಾರದಿದ್ದ ಹುಡುಗನೊಬ್ಬನು ತಾನೇ ಬರೆದ ರಜಾಪತ್ರವನ್ನು ತಂದನು. ‘ಮೈ ಮದರ್ ಲೇ ಇಲ್’ ಎಂದು ಬರೆದಿದ್ದನು. ನಾನು ‘ಲೇ’ ಎಂಬುದನ್ನು ಕೆಂಪು ಮಸಿಯಿಂದ ಹೊಡೆದು, ಮೇಲೆ ‘ಲೇಡ್’ ಎಂದು ಬರೆದು, ಎಲ್ಲರ ಎದುರಿನಲ್ಲಿ ಅದನ್ನು ಹತ್ತು ಸಲ ಬರೆಯಿಸಿದೆನು. ಅವನು ಮರುಮಾತಾಡದೆ ಬರೆದನು. ರಾತ್ರಿ ಸಂಶಯವುಂಟಾಗಿ ನಿಘಂಟನ್ನು ತೆರೆದಾಗ, ಹುಡುಗನು ಬರೆದುದೇ ಸಾಧುವೆಂದು ತಿಳಿಯಿತು. ಮರುದಿನ ತರಗತಿಯಲ್ಲಿ ಒಪ್ಪಿಕೊಳ್ಳಬೇಕಾಗಿತ್ತು, ಅಭಿಮಾನವು ಬಿಡಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವನ ಮನೆಯವರು ಊರು ಬಿಟ್ಟರು. ತಾಯಿ ಹಾಸಿಗೆ ಹಿಡಿದಿರುವಾಗ ತಪ್ಪಿಲ್ಲದ ವಾಕ್ಯ ಬರೆದು ಶಿಕ್ಷೆ ಪಡೆದ ಆ ಬಾಲಕನ ಮುಖವು ಈಗಲೂ ನನ್ನ ಕಣ್ಣೆದುರಿಗಿದೆ.

ಆದುದರಿಂದ ಓದುಗರು ಈ ಪರೀಕ್ಷೆಯನ್ನು ನೆನಪಿನಲ್ಲಿಡಬೇಕು. ವಾಕ್ಯವನ್ನು ‘ಏನನ್ನು? ಯಾರನ್ನು?’ ಎಂದು ಕೇಳಿರಿ. ಉತ್ತರ ದೊರೆತರೆ ಇಂದಿಗೆ ‘ಲೇ’, ನಿನ್ನೆಗೆ ‘ಲೇಡ್’. ದೊರೆಯದಿದ್ದರೆ ಇಂದಿಗೆ ‘ಲೈ’, ನಿನ್ನೆಗೆ ‘ಲೇ’. ಸುಳ್ಳು ಹೇಳು ಎಂಬರ್ಥದ ‘ಲೈ’ ಬೇರೆಯೇ ಧಾತು. ಅದರ ಭೂತರೂಪ ‘ಲೈಡ್’. ಮಗುವಿನ ಬರಹದಲ್ಲಿ ತಪ್ಪು ಕಂಡಂತಾದರೆ ಕೆಂಪು ಮಸಿಗೆ ಕೈಹಾಕುವ ಮೊದಲು ನಿಘಂಟಿಗೆ ಕೈಹಾಕಿರಿ. ತಪ್ಪು ನಮ್ಮದೇ ಆಗಿದ್ದರೆ ಅದನ್ನು ಮರುದಿನವೇ ಮಗುವಿಗೆ ಹೇಳಿಬಿಡಿರಿ.

ಸಾಲ ಕೊಡುವ ‘ಲೆಂಡ್’, ಸಾಲ ತರುವ ‘ಬಾರೋ’ ಇವುಗಳ ವಿಚಾರವು ಮುಂದಿನ ತಿಂಗಳಿಗಿರಲಿ.